ಏಕತ್ವ ಬೇರೆ, ಒಂಟಿತನ ಬೇರೆ

ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರ ಕೊನೆಯ ದಿನಗಳ ಛಾಯಾಚಿತ್ರಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಶ್ರಾವಕರಿಗೆ ಅಪರಿಚಿತವಲ್ಲ. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನಾವ್ರತ ಕೈಗೊಂಡಾಗ ಅವರಿಗೆ 83 ವರ್ಷ. ನಮ್ಮ ಧರ್ಮವನ್ನರಿಯದವರು ಆ ಕೃಶ ದೇಹವನ್ನು ಕಂಡರೆ, ದಿಕ್ಕಿಲ್ಲದ ವೃದ್ಧರೊಬ್ಬರೆಂದು ಮರುಗಿಯಾರು. ಈ ಗ್ರಹಿಕೆ ತಪ್ಪು. ಏಕೆ ತಪ್ಪೆಂಬುದನ್ನು ವಿಚಾರಿಸುವುದು ಅವಶ್ಯ.

ದೃಷ್ಟಿ ಮಂದವಾಗಿ, ಜೀವಹಿಂಸೆಯಾಗದಂತೆ ನಡೆಯುವುದು, ಆಹಾರ ಸ್ವೀಕರಿಸುವುದು ಕಠಿಣವಾದಾಗ ಅವರು ಸ್ವಇಚ್ಛೆಯಿಂದ ಆ ವ್ರತವನ್ನು ಸ್ವೀಕರಿಸಿದರು. ಚಿತ್ರದ ಚೌಕಟ್ಟಿನ ಹೊರಗೆ ಸೇವೆಗೆ ನಿಂತ ಸಂಘವಿತ್ತು. ಅವರದು ತಾವೇ ಸಾಧಿಸಿದ ಏಕತ್ವ. ಇತರರು ಹೇರಿದ ಒಂಟಿತನವಲ್ಲ.

ಜೀವನು ಒಬ್ಬನೇ ಬರುತ್ತಾನೆ, ಒಬ್ಬನೇ ಹೋಗುತ್ತಾನೆ ಎಂಬ ಏಕತ್ವಾನುಪ್ರೇಕ್ಷೆಯು ತನ್ನ ಆತ್ಮನನ್ನು ಕುರಿತು ಮಾಡಬೇಕಾದ ಚಿಂತನೆ. ತಂದೆ ತಾಯಿಯರನ್ನು ಮರೆಯಲು ಮಕ್ಕಳಿಗೆ ಅದು ನೆಪವಾಗಬಾರದು. ಅನುಪ್ರೇಕ್ಷೆಗಳನ್ನು ಹೇಳಿದ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವೇ ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ಅಲ್ಲಿ ಸೇವೆಗೆ ಪಾತ್ರರಾದವರು ಮುನಿಸಂಘದವರು. ಆದರೆ ಮನೆಯ ವೃದ್ಧರನ್ನು ಕಡೆಗಣಿಸಿದವನು ಮುನಿಗಳ ಸೇವೆಯನ್ನು ಯಾವ ಮನಸ್ಸಿನಿಂದ ಮಾಡಿಯಾನು?

ಭೋಜ ಗ್ರಾಮದ ಸಾತಗೌಡ ಪಾಟೀಲರಾಗಿದ್ದಾಗ ಮಹಾರಾಜರಿಗೆ ಎಳೆಯ ವಯಸ್ಸಿನಲ್ಲೇ ವೈರಾಗ್ಯವಿತ್ತು. ಆದರೂ ಮಾತಾಪಿತೃಗಳು ಇರುವವರೆಗೆ ಅವರು ಮನೆ ಬಿಡಲಿಲ್ಲ. 1912ರ ಹೊತ್ತಿಗೆ ಅವರು ತೀರಿಕೊಂಡ ಬಳಿಕವೇ ದೀಕ್ಷೆಯ ಮಾರ್ಗ ಹಿಡಿದು 1920ರಲ್ಲಿ ಮುನಿಗಳಾದರು.

ಇಂದು ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ. ತಿಂಗಳು ತಿಂಗಳು ಹಣ ಬರುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯೂ ಜೀವನಾಂಶವನ್ನು ಕೊಡಿಸೀತು. ಆದರೆ ಕಣ್ಣು ಮಂಜಾದ ತಾಯಿಗೆ ಅಕ್ಕಿ ಆರಿಸಿಕೊಡುವವರಾರು? ನೀರು ಸೋಸಿಡುವವರಾರು? ಸೂರ್ಯಾಸ್ತಕ್ಕೆ ಮುನ್ನ ಊಟಕ್ಕೆ ಕೂಡಿಸುವವರಾರು? ವೃದ್ಧಾಪ್ಯದಲ್ಲಿ ಅಹಿಂಸಾವ್ರತ ಉಳಿಯಲು ಇನ್ನೊಬ್ಬರ ಕಣ್ಣು ಬೇಕು. ಹಣ ಕಳಿಸಿದ ಮಾತ್ರಕ್ಕೆ ಈ ಲೆಕ್ಕ ಚುಕ್ತಾ ಆಗದೆಂಬುದನ್ನು ವ್ಯಾಪಾರಸ್ಥರಾದ ನಾವು ಬೇಗ ತಿಳಿಯಬೇಕು.

ಬಸದಿಯ ಟ್ರಸ್ಟುಗಳು ದಾನಿಗಳ ಪಟ್ಟಿಯನ್ನು ಶಿಲೆಯಲ್ಲಿ ಕೆತ್ತಿಸುತ್ತವೆ. ಊರಿನಲ್ಲಿ ಒಬ್ಬಂಟಿಯಾಗಿರುವ ಹಿರಿಯರ ಪಟ್ಟಿಯೊಂದನ್ನು ಕಾಗದದಲ್ಲಾದರೂ ಬರೆದಿಡಲಿ. ಅಷ್ಟಮಿ, ಚತುರ್ದಶಿಗಳಂದು ದರ್ಶನಕ್ಕೆ ಬಂದ ತರುಣರು ಆ ಮನೆಗಳಿಗೂ ಹೋಗಿ, ಅರ್ಧ ತಾಸು ಕುಳಿತು ಬರಲಿ. ಮಹಾರಾಜರ ಭಾವಚಿತ್ರಕ್ಕೆ ನಾವು ಸಲ್ಲಿಸುವ ವಂದನೆಗೆ ಆಗ ಅರ್ಥ ಬಂದೀತು.