ಭದ್ರೆಗೆ ಒಂದು ನಿವೇದನೆ

ತಾಯಿ ಭದ್ರೆ,

ಗಂಗಾಮೂಲದಲ್ಲಿ ತುಂಗೆಯ ಜೊತೆಗೇ ಹುಟ್ಟಿದವಳು ನೀನು. ಅವಳು ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗದ ದಾರಿ ಹಿಡಿದಳು. ನೀನು ಕಳಸ, ಬಾಳೆಹೊನ್ನೂರು ಹಾದು, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ತಂಗಿ, ಭದ್ರಾವತಿಯನ್ನು ದಾಟಿ ಹೊಳೆಹೊನ್ನೂರಿಗೆ ಬಂದೆ. ಇನ್ನು ಸ್ವಲ್ಪ ದೂರ ಹರಿದರೆ ಕೂಡಲಿಯಲ್ಲಿ ಅವಳನ್ನು ಸೇರಿ ತುಂಗಭದ್ರೆಯಾಗುತ್ತೀಯ. ಅದಕ್ಕೆ ಮೊದಲು ಈ ದಡದಲ್ಲಿ ನನ್ನ ಮಾತೊಂದಿಷ್ಟು ಕೇಳಿಸಿಕೋ.

ಕುಡಿಯುವ ನೀರಿನ ಪರೀಕ್ಷೆ ನಡೆಸುವ ಲ್ಯಾಬೊಂದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದ ಕೆಲಸ. ಹೊಳೆಯ ನೀರು, ಬೋರ್‌ವೆಲ್ಲಿನ ನೀರು, ಓವರ್‌ಹೆಡ್ ಟ್ಯಾಂಕಿನ ನೀರು, ಕೊನೆಯ ಬೀದಿಯ ನಲ್ಲಿ ನೀರು, ಎಲ್ಲವೂ ಬಾಟಲಿಯಲ್ಲಿ ನಮ್ಮ ಮೇಜಿಗೆ ಬರುತ್ತವೆ. ಇಲ್ಲಿ ಹೊಳೆಹೊನ್ನೂರಿನಲ್ಲಿರುವ ಯತಿ ಸತ್ಯಧರ್ಮತೀರ್ಥರ ವೃಂದಾವನಕ್ಕೆ ಬಂದವರು ನಿನ್ನಲ್ಲಿ ಮಿಂದು ಕೈಮುಗಿಯುವುದನ್ನು ನೋಡಿದ್ದೇನೆ. ತುಂಗಾ ಪಾನ, ಗಂಗಾ ಸ್ನಾನ ಎನ್ನುವ ಸೀಮೆ ಇದು. ತೀರ್ಥವೆಂದು ಕಣ್ಣಿಗೊತ್ತಿಕೊಳ್ಳುವ ನೀರನ್ನು ಪರೀಕ್ಷಿಸುವುದು ಅಪಚಾರವೇ ಎಂದು ಕೇಳಿದವರಿದ್ದಾರೆ. ಅಲ್ಲ ಎಂದೇ ನನ್ನ ನಂಬಿಕೆ. ನಿನ್ನ ನೀರಿನಲ್ಲಿ ನಾವು ಹುಡುಕುವುದು ನಿನ್ನ ದೋಷವನ್ನಲ್ಲ, ನಾವು ತಂದು ಸುರಿದದ್ದನ್ನು.

ಸುರಿದದ್ದು ಕಡಿಮೆಯಿಲ್ಲ ತಾಯಿ. 1918ರಲ್ಲಿ ನಿನ್ನ ದಡದಲ್ಲಿ ಕಬ್ಬಿಣದ ಕಾರ್ಖಾನೆಗೆ ಬುನಾದಿ ಬಿತ್ತು, 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಸಾವಿರಾರು ಮನೆಗಳಲ್ಲಿ ಒಲೆ ಉರಿದದ್ದು ಅವುಗಳಿಂದ. ಅವುಗಳ ಕೊಳೆಯೂ ನಿನ್ನ ಮಡಿಲಿಗೇ ಬಂತು. ಮೇಲೆ ಕುದುರೆಮುಖದಲ್ಲಿ ಅದಿರಿನ ಗಣಿ ನಡೆಯುವಷ್ಟು ಕಾಲ ಮಳೆಗಾಲದಲ್ಲಿ ನೀನು ಗಣಿಯ ಹೂಳನ್ನೂ ಹೊತ್ತೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಕಾಗದದ ಕಾರ್ಖಾನೆಯ ಯಂತ್ರಗಳೂ ಈಗ ನಿಂತಿವೆ. ಊರೂರಿನ ಚರಂಡಿ ಮಾತ್ರ ನಿಂತಿಲ್ಲ. ಗದ್ದೆ, ತೋಟಗಳಿಗೆ ಹಾಕಿದ ಗೊಬ್ಬರ, ಹೊಡೆದ ಔಷಧಿಯೂ ಮಳೆ ನೀರಿನೊಡನೆ ಇಳಿದು ಬರುತ್ತವೆ. ಇವೆಲ್ಲದರ ಲೆಕ್ಕವನ್ನು ನಿನ್ನ ಮುಂದೆ ಒಪ್ಪಿಸುತ್ತಾ ನನ್ನ ಜೊತೆಯವರಿಗಾಗಿ ಒಬ್ಬೊಬ್ಬರಂತೆ ಬೇಡಿಕೊಳ್ಳುತ್ತೇನೆ.

ಮೊದಲು ಸ್ಯಾಂಪಲ್ ತರುವ ಹುಡುಗನಿಗಾಗಿ. ಅವನು ನಲ್ಲಿಯ ಬಾಯನ್ನು ಉರಿಯಿಂದ ಸುಟ್ಟು, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಆಟೋಕ್ಲೇವ್‌ನಲ್ಲಿ ಬೆಂದ ಬಾಟಲಿಯನ್ನು ತೆರೆಯಬೇಕು. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು. ಆ ಬಾಟಲಿಯೊಳಗೆ ನಾವು ಮೊದಲೇ ಹಾಕಿಟ್ಟ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಅದಿಲ್ಲದಿದ್ದರೆ ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ಬಾಟಲಿಯಲ್ಲೇ ರೋಗಾಣುಗಳನ್ನು ಕೊಲ್ಲುತ್ತಾ ಬಂದು, ಕೆಟ್ಟ ನೀರೂ ನಮ್ಮ ಮೇಜಿನ ಮೇಲೆ ಒಳ್ಳೆಯದಾಗಿ ಕಾಣುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ ಲ್ಯಾಬ್ ಮುಟ್ಟಿಸಬೇಕು. ಬಿಸಿಲಿಗೆ, ಬಸ್ಸಿನ ತಡಕ್ಕೆ ಅವನು ಬೇಸರಪಡದಿರಲಿ. ದೂರದ ನಲ್ಲಿಗೆ ಹೋಗುವ ಬದಲು ಹತ್ತಿರದ ನಲ್ಲಿಯಲ್ಲೇ ಎರಡು ಬಾಟಲಿ ತುಂಬುವ ಆಸೆ ಅವನಿಗೆ ಬರದಿರಲಿ. ಅವನ ಬಾಟಲಿ ಸುಳ್ಳಾದರೆ ನಮ್ಮ ಯಂತ್ರಗಳೆಲ್ಲ ಸುಳ್ಳು.

ಮೇಜಿನ ಮುಂದೆ ಕೂರುವವರಿಗಾಗಿ. ಪಿಎಚ್ 6.5ರಿಂದ 8.5ರೊಳಗೆ, ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ನೈಟ್ರೇಟ್ 45 ದಾಟಬಾರದು: ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಈ ಅಂಕಿಗಳನ್ನು ಅವರು ನಿದ್ದೆಯಲ್ಲೂ ಹೇಳುತ್ತಾರೆ. ನೀರಿನ ಕದಡು 1 ಎನ್‌ಟಿಯು ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 5. ಆಷಾಢದಲ್ಲಿ ನೀನು ಕೆಂಪಾಗಿ ಇಳಿದು ಬರುವಾಗ ಅವರು ಆರು ಬೀಕರುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಆಲಂ ಹಾಕಿ, ತಿರುಗಿಸಿ, ಯಾವುದರಲ್ಲಿ ಕೆಸರು ಚೆನ್ನಾಗಿ ತಳ ಕಂಡಿತೆಂದು ನೋಡುತ್ತಾರೆ. ನಿನ್ನೆಯ ಪ್ರಮಾಣವೇ ಇವತ್ತಿಗೂ ಸಾಕು ಎನ್ನುವ ಮೈಗಳ್ಳತನದಿಂದ ಅವರನ್ನು ಕಾಪಾಡು. ರಾತ್ರಿ ಘಟ್ಟದಲ್ಲಿ ಸುರಿದ ಮಳೆಗೆ ನಿನ್ನೆಯ ಲೆಕ್ಕ ಗೊತ್ತಿಲ್ಲ.

ಸೂಕ್ಷ್ಮಜೀವಿ ಕೋಣೆಯಲ್ಲಿರುವ ಹೆಣ್ಣುಮಗಳಿಗಾಗಿ. ಅವಳು ಬ್ರೋತ್ ತುಂಬಿದ ಟ್ಯೂಬುಗಳಿಗೆ ನೀರು ಹಾಕಿ ಇನ್‌ಕ್ಯುಬೇಟರ್‌ನಲ್ಲಿಟ್ಟು ಕಾಯುತ್ತಾಳೆ. ಒಳಗಿನ ಪುಟ್ಟ ಟ್ಯೂಬಿನಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಮೂಡಿದರೂ ಅವಳ ಎದೆ ಹೊಡೆದುಕೊಳ್ಳುತ್ತದೆ. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೊಲಿಯೂ ಇರಕೂಡದು, ಇದ್ದರೆ ಆ ನೀರಿಗೆ ಮಲ ಸೇರಿದೆ ಎಂದೇ ಅರ್ಥ. ಆದರೆ ಗುಳ್ಳೆ ಮೂಡಲು 24 ಗಂಟೆ ಬೇಕು, ಕೆಲವೊಮ್ಮೆ 48. ಆಮೇಲೆ ಖಚಿತಪಡಿಸಿಕೊಳ್ಳುವ ಪರೀಕ್ಷೆಯಿದೆ. ಅಷ್ಟರಲ್ಲಿ ಆ ನೀರನ್ನು ಊರು ಕುಡಿದಾಗಿರುತ್ತದೆ. ನಮ್ಮ ಕೆಲಸದ ಅತಿ ದೊಡ್ಡ ಸಂಕಟ ಇದು ತಾಯಿ, ನಿನಗಲ್ಲದೆ ಬೇರೆ ಯಾರಿಗೆ ಹೇಳಿಕೊಳ್ಳಲಿ?

ಆದ್ದರಿಂದ ವಾಟರ್‌ಮನ್‌ಗಾಗಿ ಎಲ್ಲರಿಗಿಂತ ಹೆಚ್ಚಾಗಿ ಬೇಡುತ್ತೇನೆ. ಆ ಎರಡು ದಿನ ಊರನ್ನು ಕಾಯುವವನು ಅವನೇ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಅರ್ಧ ಗಂಟೆಯಾದರೂ ಬಿಟ್ಟು, ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡಿದರೆ ಅವನು ಮಾಡಿದ್ದು ದೊಡ್ಡ ಪುಣ್ಯ. ಪೈಪು ಒಡೆದು ಚರಂಡಿಯಲ್ಲಿ ಮುಳುಗಿದ್ದನ್ನು ಮೊದಲು ಕಾಣುವವನೂ ಅವನೇ. ಅವನ ಸಂಬಳ ಹೊತ್ತಿಗೆ ಸರಿಯಾಗಿ ಬರಲಿ. ಅವನಿಗೆ ಸಿಗುವ ಪೌಡರ್ ಹಳೆಯದಾಗಿ ಸತ್ವ ಕಳೆದುಕೊಂಡಿರದಿರಲಿ. ಅವನು ಹೇಳಿದ ಮಾತನ್ನು ಕುರ್ಚಿಯಲ್ಲಿ ಕೂತವರು ಕೇಳಲಿ.

ಕೇಳದಿದ್ದಾಗ ಆದದ್ದನ್ನು ನಾವು ಮರೆಯದಂತೆ ಮಾಡು. ಕೆನಡಾ ದೇಶದಲ್ಲಿ ವಾಕರ್ಟನ್ ಎಂಬ ಐದು ಸಾವಿರದಷ್ಟು ಜನರ ಊರಿದೆ. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆಗೆ ಹೊಲದ ಸಗಣಿ ಗೊಬ್ಬರ ಕುಡಿಯುವ ನೀರಿನ ಬಾವಿಗೆ ಇಳಿಯಿತು. ಏಳು ಜನ ಸತ್ತರು, 2,300ರಷ್ಟು ಜನ ಹಾಸಿಗೆ ಹಿಡಿದರು. ತನಿಖೆ ನಡೆದಾಗ ತಿಳಿದದ್ದು: ಅಲ್ಲಿಯ ನೀರು ಸರಬರಾಜಿನವರು ವರ್ಷಗಟ್ಟಲೆ ಕ್ಲೋರಿನ್ ಅಳೆಯದೆಯೇ ರಿಜಿಸ್ಟರಿನಲ್ಲಿ ಅಂಕಿ ಬರೆಯುತ್ತಿದ್ದರು. ನೀರು ಕೆಟ್ಟಿದೆ ಎಂದು ಲ್ಯಾಬ್ ಹೇಳಿತ್ತು. ಆ ವರದಿ ಆರೋಗ್ಯಾಧಿಕಾರಿಗೆ ಹೋಗಲಿಲ್ಲ, ನೀರು ಚೆನ್ನಾಗಿದೆ ಎಂಬ ಸುಳ್ಳು ಹೋಯಿತು. ಅಷ್ಟು ದೂರವೇಕೆ? 2023ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಮನೆಗೆ ಮರಳಲಿಲ್ಲ. ಅವರ ಹೆಸರಿನಲ್ಲಿ ನಿನ್ನ ನೀರಿನಿಂದಲೇ ತರ್ಪಣ ಬಿಡುತ್ತೇನೆ.

ಇಷ್ಟೆಲ್ಲ ಹೇಳಿ ನನಗಾಗಿ ಬೇಡುವುದು ಒಂದೇ. ಮಾಪಕ ಕೆಟ್ಟರೆ ರಿಪೇರಿಗೆ ಜನರಿದ್ದಾರೆ, ರಾಸಾಯನಿಕ ಮುಗಿದರೆ ಇಂಡೆಂಟ್ ಹಾಕಬಹುದು. ರಿಜಿಸ್ಟರಿನಲ್ಲಿ ಬರೆಯುವ ಕೈ ಅಳುಕಿದರೆ ಅದಕ್ಕೆ ಯಾವ ಕಂಪನಿಯೂ ಬಿಡಿಭಾಗ ಕೊಡುವುದಿಲ್ಲ. ಆ ಕೈ ಅಳುಕದಂತೆ ನೋಡಿಕೊಳ್ಳುವುದೇ ಮೇಲ್ವಿಚಾರಕನ ನಿಜವಾದ ಕೆಲಸ. ‘ಫೇಲ್’ ಎಂದು ವರದಿ ತಂದ ಕಿರಿಯರಿಗೆ ಮೊದಲು ಕುರ್ಚಿ ಕೊಟ್ಟು ಕೂರಿಸುವ ಬುದ್ಧಿ ಕೊಡು. ಮೇಲಿನಿಂದ ಫೋನ್ ಬಂದು ‘ಸ್ವಲ್ಪ ನೋಡಿ ಬರೀರಿ’ ಅಂದಾಗ ‘ನೋಡಿಯೇ ಬರೆದಿದ್ದೇವೆ ಸಾರ್’ ಎನ್ನುವ ಧೈರ್ಯ ಕೊಡು. ಒಂದೇ ನೀರನ್ನು ಗುರುತು ಹೇಳದೆ ಇಬ್ಬರಿಗೆ ಕೊಟ್ಟು ತಾಳೆ ನೋಡುವಾಗ ಅದು ಅನುಮಾನವಲ್ಲ, ಶಿಸ್ತು ಎಂಬುದು ಅವರಿಗೂ ನನಗೂ ತಿಳಿದಿರಲಿ. ನಮ್ಮ ಕಣ್ಣು ಎಟುಕದ ಕಡೆಯೂ ಉಂಟು: ಕೀಟನಾಶಕದ ಅಂಶ ಹಿಡಿಯಲು ಗ್ಯಾಸ್ ಕ್ರೊಮಟೋಗ್ರಾಫ್ ಇರುವ ದೊಡ್ಡ ಲ್ಯಾಬ್ ಬೇಕು. ನೋಡದೇ ಇದ್ದದ್ದನ್ನು ‘ಇಲ್ಲ’ ಎಂದು ಬರೆಯದಂತೆ, ‘ಪರೀಕ್ಷಿಸಿಲ್ಲ’ ಎಂದೇ ಬರೆಯುವಂತೆ ನಡೆಸು.

ಜಲ ಜೀವನ್ ಮಿಷನ್ ಬಂದ ಮೇಲೆ ಹಳ್ಳಿಗೆ ಐವರಂತೆ ಹೆಣ್ಣುಮಕ್ಕಳು ಕಿಟ್ ಹಿಡಿದು ತಮ್ಮ ಬೀದಿಯ ನೀರನ್ನು ತಾವೇ ನೋಡಲು ಕಲಿಯುತ್ತಿದ್ದಾರೆ. ಮಲ ಸೇರಿದ ಸುಳಿವಾಗಿ ಪುಟ್ಟ ಸೀಸೆಯಲ್ಲಿ ನೀರು ಕಪ್ಪಾದದ್ದನ್ನು ಅವರಲ್ಲೊಬ್ಬಾಕೆ ತಂದು ತೋರಿಸಿದರೆ, ನಮ್ಮ ಮೇಜಿನಲ್ಲಿ ಆಕೆಗೂ ಜಾಗವಿರಲಿ.

ಕೂಡಲಿಯ ಕೆಳಗೆ ಹೊನ್ನಾಳಿಯವರು, ಹರಿಹರದವರು, ಹೊಸಪೇಟೆಯಾಚೆಯವರು ನಿನ್ನನ್ನು ಕಾಯುತ್ತಿದ್ದಾರೆ. ನಾವು ಬಿಟ್ಟದ್ದೇ ಅವರ ಕೊಡಕ್ಕೆ ಹೋಗುವುದು. ನಮ್ಮ ಚರಂಡಿಗಳು ಶುದ್ಧವಾಗಿ ನಿನ್ನನ್ನು ಸೇರುವ ದಿನ ನಮ್ಮ ಕಾಲದಲ್ಲೇ ಬರಲಿ. ಅಲ್ಲಿಯತನಕ ನಮ್ಮ ಒಂದೊಂದು ವರದಿಯೂ ಊರ ಪಂಚಾಯಿತಿಯ ಹಲಗೆಯ ಮೇಲೆ, ಬಂದ ದಿನವೇ, ಕನ್ನಡದಲ್ಲಿ ಏರಲಿ. ನೀರು ಚೆನ್ನಾಗಿದ್ದರೆ ಕುಡಿಯಿರಿ ಎಂದು, ಕೆಟ್ಟಿದ್ದರೆ ಕಾಯಿಸಿ ಕುಡಿಯಿರಿ, ಇಲ್ಲವೇ ಕುಡಿಯಲೇಬೇಡಿ ಎಂದು. ಹಾಗೆ ಹೇಳಿದ ದಿನ ಸಂಜೆಯೊಳಗೆ ಆ ಬೀದಿಗೆ ಟ್ಯಾಂಕರ್ ಬರಲಿ. ಹೇಳಲು ಹೆದರದವರು ನಮ್ಮ ನಂತರವೂ ಈ ಕೆಲಸಕ್ಕೆ ಬರಲಿ. ಇಷ್ಟನ್ನು ನಡೆಸಿಕೊಡು ತಾಯಿ.