ರಿಯಾಯಿತಿಯ ಔಷಧ ಮತ್ತು ಶ್ರಾವಕನ ವಿವೇಕ

ಔಷಧದ ಅಂಗಡಿಯಲ್ಲಿ ನಾಲ್ಕು ಕಾಸು ಉಳಿಸುವ ಮಾತು ಧರ್ಮಚಿಂತನೆಗೆ ವಸ್ತುವಾದೀತೇ ಎಂದು ಕೆಲವರು ಕೇಳಬಹುದು. ಖಂಡಿತ ಆದೀತು. ಗೃಹಸ್ಥನ ಬದುಕು ಕೊಳ್ಳುವುದು, ಮಾರುವುದು, ಕೂಡಿಡುವುದು, ಕೊಡುವುದು ಎಂಬ ನಾಲ್ಕು ವ್ಯವಹಾರಗಳಲ್ಲಿ ಸಾಗುತ್ತದೆ. ಅಣುವ್ರತಗಳು ಪರೀಕ್ಷೆಗೆ ಒಳಗಾಗುವುದು ಬಸದಿಯ ಗರ್ಭಗೃಹದ ಮುಂದಲ್ಲ, ಅಂಗಡಿಯ ಕಟ್ಟೆಯ ಮುಂದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಹಿಂದೆ ಪ್ರತಿ ಮನೆಗೂ ಪರಿಚಯದ ಒಂದು ಔಷಧದ ಅಂಗಡಿ ಇರುತ್ತಿತ್ತು. ಕಬ್ಬಿನ ಹಣ ಬಂದಾಗ ಲೆಕ್ಕ ತೀರಿಸುವ ವಾಡಿಕೆಯೂ ಇತ್ತು. ಇಂದು ಅನೇಕ ಶಾಖೆಗಳುಳ್ಳ ಮಳಿಗೆಗಳೂ ಮೊಬೈಲಿನ ಮೂಲಕ ಮನೆಗೆ ತಲುಪಿಸುವ ಸಂಸ್ಥೆಗಳೂ ಬಂದಿವೆ. ಅವುಗಳೊಂದಿಗೆ ಕೂಪನ್ನು, ಅಂಕ, ನಾಣ್ಯ ಎಂಬ ಹೊಸ ಪರಿಭಾಷೆಯೂ ಬಂದಿದೆ. ಕೊಂಡ ಮೊತ್ತದ ಒಂದು ಅಂಶವನ್ನು ನಮ್ಮ ದೂರವಾಣಿ ಸಂಖ್ಯೆಯ ಹೆಸರಿನಲ್ಲಿ ಜಮಾ ಮಾಡುತ್ತಾರೆ. ಮುಂದಿನ ಖರೀದಿಯಲ್ಲಿ ಅದು ಹಣದಂತೆ ಸಲ್ಲುತ್ತದೆ. ಸಾಮಾನ್ಯವಾಗಿ ಅದಕ್ಕೊಂದು ಅವಧಿಯೂ ಕನಿಷ್ಠ ಖರೀದಿಯ ಒಂದು ನಿಬಂಧನೆಯೂ ಇರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳೂ ಮಾತ್ರೆ ಕೊಳ್ಳುವ ಮನೆಗಳಿಗೆ ಇದು ಸಣ್ಣ ಸಹಾಯವಲ್ಲ.

ಹೀಗೆ ಉಳಿಸುವುದು ಲೋಭವೇ? ಅಲ್ಲ. ಮಿತವ್ಯಯವು ಗೃಹಸ್ಥನಿಗೆ ಭೂಷಣ. ಪೊಟ್ಟಣದ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆ; ಅದಕ್ಕಿಂತ ಕಡಿಮೆಗೆ ಮಾರಲು ಕಾನೂನಿನ ಅಡ್ಡಿಯಿಲ್ಲ, ಕೇಳಲು ನಾಚಿಕೆ ಬೇಕಾಗಿಲ್ಲ. ಆದರೆ ಉಳಿತಾಯದಲ್ಲಿ ಎರಡು ಬಗೆಯುಂಟೆಂಬುದನ್ನು ಅರಿಯಬೇಕು. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳಲ್ಲಿ, ಅದೇ ಮೂಲದ್ರವ್ಯವುಳ್ಳ ಔಷಧವು ಹೆಸರಾಂತ ಕಂಪನಿಗಳ ಔಷಧಕ್ಕಿಂತ ಶೇಕಡಾ 50ರಿಂದ 90ರವರೆಗೆ ಕಡಿಮೆ ಬೆಲೆಗೆ ದೊರೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಈ ಎರಡೂ ಉಳಿತಾಯಗಳಿಗೆ ಕೂಪನ್ನು ಬೇಕಿಲ್ಲ, ಜಾಣತನವೂ ಬೇಕಿಲ್ಲ. ಅಕ್ಷರವರಿಯದ ಅಜ್ಜಿಗೂ ಮೊಬೈಲು ಬಲ್ಲ ಮೊಮ್ಮಗನಿಗೂ ಒಂದೇ ಬೆಲೆ. ಕೂಪನ್ನಿನ ಉಳಿತಾಯವಾದರೋ ಬಲ್ಲವನಿಗೆ ಮಾತ್ರ. ಅರಿಯದವನು ಅದೇ ಕಟ್ಟೆಯ ಮುಂದೆ ನಿಂತು ಪೂರ್ಣ ಬೆಲೆ ತೆರುತ್ತಾನೆ. ಆದುದರಿಂದ ವೈದ್ಯರನ್ನು ಕೇಳಿ ಮೊದಲನೆಯ ಬಗೆಯ ಉಳಿತಾಯವನ್ನು ಆಶ್ರಯಿಸುವುದು ಮೇಲು.

ವ್ಯಾಪಾರಿಯಾಗಿ ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ, ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಗಳ ಗರಿಷ್ಠ ಬೆಲೆಯನ್ನು ನಿಗದಿಪಡಿಸುವಾಗ ಚಿಲ್ಲರೆ ವ್ಯಾಪಾರಿಗೆ ಶೇಕಡಾ 16 ಲಾಭಾಂಶ ಸೇರಿಸಲಾಗುತ್ತದೆ. ತೆರಿಗೆಯನ್ನು ಬಿಟ್ಟು ಹೇಳುವುದಾದರೆ, 100 ರೂಪಾಯಿಗೆ ತಂದದ್ದನ್ನು ಅವನು 116ಕ್ಕೆ ಮಾರಬಹುದು. ಇದರ ಮೇಲೆ ಶೇಕಡಾ 20 ರಿಯಾಯಿತಿ ಕೊಟ್ಟರೆ ಅವನ ಕೈಗೆ ಬರುವುದು 92 ರೂಪಾಯಿ 80 ಪೈಸೆ. 7 ರೂಪಾಯಿ 20 ಪೈಸೆ ನಷ್ಟ. ಯಾವ ವ್ಯಾಪಾರಿಯೂ ದಿನವೂ ನಷ್ಟದಲ್ಲಿ ಮಾರಲಾರನು. ಹಾಗಾದರೆ ಆ ರಿಯಾಯಿತಿ ಎಲ್ಲಿಂದಲೋ ಬರಬೇಕು. ಸಗಟಾಗಿ ಕೊಂಡುದರಿಂದ ಬಂದಿರಬಹುದು, ಅದು ನ್ಯಾಯವಾದದ್ದು. ಬೇರೊಂದು ಸರಕಿನ ಹೆಚ್ಚಿನ ಲಾಭದಿಂದ ಬಂದಿರಬಹುದು. ಅಥವಾ ಪೊಟ್ಟಣದ ಮೇಲಿನ ಬೆಲೆಯೇ ಖರೀದಿ ಬೆಲೆಗಿಂತ ಬಹಳ ಎತ್ತರದಲ್ಲಿ ಅಚ್ಚಾಗಿರಬಹುದು. ಕೊನೆಯದರಲ್ಲಿ ರಿಯಾಯಿತಿಯೆಂಬುದು ಕೇವಲ ತೋರಿಕೆ. ಎಷ್ಟು ಬಿಟ್ಟರು ಎಂದು ನೋಡದೆ ಎಷ್ಟು ಕೊಟ್ಟೆವು ಎಂದು ನೋಡುವವನೇ ಲೆಕ್ಕ ಬಲ್ಲವನು.

ಇನ್ನು ಶಾಸ್ತ್ರದ ಕಡೆಗೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅನರ್ಥದಂಡವ್ರತದ ಅತಿಚಾರಗಳನ್ನು ಹೇಳುವಾಗ ಉಪಭೋಗಪರಿಭೋಗಾನರ್ಥಕ್ಯ ಎಂಬುದೊಂದು ಬರುತ್ತದೆ. ಅಗತ್ಯಕ್ಕೆ ಮೀರಿ ಭೋಗವಸ್ತುಗಳನ್ನು ಒಟ್ಟುಗೂಡಿಸುವ ದೋಷವಿದು. ಒಬ್ಬನಿಗೆ 420 ರೂಪಾಯಿಯ ಔಷಧ ಬೇಕಾಗಿದೆ ಎನ್ನೋಣ. 600 ಮುಟ್ಟಿದರೆ 100 ರೂಪಾಯಿ ಕಡಿತವೆಂದು ಕೂಪನ್ನು ಹೇಳುತ್ತದೆ. ಅವನು 180 ರೂಪಾಯಿಯ ಟಾನಿಕ್ಕೊಂದನ್ನು ಸೇರಿಸಿ 500 ಕೊಟ್ಟು, 100 ಉಳಿಸಿದೆನೆಂದು ಹಿಗ್ಗುತ್ತಾನೆ. ವಾಸ್ತವದಲ್ಲಿ ಅವನು ಕಳೆದುಕೊಂಡದ್ದು 80 ರೂಪಾಯಿ. ಪಡೆದದ್ದು ಯಾರಿಗೂ ಬೇಡವಾದ ಒಂದು ಸೀಸೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಲೋಭವನ್ನೂ ಹೇಳಿ, ಅವುಗಳ ನಡುವೆ ವಿಸ್ಮಯವೆಂಬುದನ್ನು ಇರಿಸಿದ್ದಾರೆ. ಇತರರ ಲಾಭವನ್ನು ಕಂಡು ಬೆರಗಾಗಿ ಮನಸ್ಸು ಕದಡುವುದೇ ವಿಸ್ಮಯ. ಪಕ್ಕದ ಮನೆಯವರಿಗೆ ಸಿಕ್ಕ ಕೂಪನ್ನು ನಮಗೆ ಸಿಗಲಿಲ್ಲವಲ್ಲಾ ಎಂಬ ಕಳವಳಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ.

ಔಷಧದಲ್ಲಿ ಅತಿಸಂಗ್ರಹವು ಬಟ್ಟೆಯ ಅತಿಸಂಗ್ರಹದಂತಲ್ಲ. ಅವಧಿ ಮೀರಿದ ಮಾತ್ರೆ ಕಸಕ್ಕೆ ಬೀಳುತ್ತದೆ, ಚರಂಡಿಯಲ್ಲಿ ಕರಗಿ ನೀರು ಸೇರುತ್ತದೆ. ಔಷಧವು ರೋಗಿಯ ದೇಹದಾಚೆಗೂ ಕೆಲಸ ಮಾಡಬಲ್ಲುದು. ಡೈಕ್ಲೋಫಿನಾಕ್ ಎಂಬ ನೋವುನಿವಾರಕವನ್ನು ದನಗಳಿಗೆ ಕೊಟ್ಟುದರಿಂದ, ಅವುಗಳ ಕಳೇಬರವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ನಾಶವಾದವು. 2006ರಲ್ಲಿ ಅದರ ಪಶುಚಿಕಿತ್ಸೆಯ ಬಳಕೆಯನ್ನು ಭಾರತದಲ್ಲಿ ನಿಷೇಧಿಸಲಾಯಿತು. ಮದ್ದೂರಿಗೆ ಸಮೀಪದ ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದು ಧಾಮವಾಗಬೇಕಾಗಿ ಬಂದುದರ ಹಿಂದೆ ಈ ಕಥೆಯೂ ಇದೆ. ಇದನ್ನು ಬಲ್ಲ ಅಹಿಂಸಾವ್ರತಿಯು ಬೇಡದ ಮಾತ್ರೆಯನ್ನು ಅಗ್ಗವೆಂದು ಕೊಳ್ಳಲಾರನು.

ಉಳಿತಾಯಕ್ಕೆ ಇನ್ನೊಂದು ತಪ್ಪು ದಾರಿಯುಂಟು. ದಿನಕ್ಕೆ ಎರಡಿರುವ ಮಾತ್ರೆಯನ್ನು ಒಂದಾಗಿಸುವುದು, ಐದು ದಿನದ ಔಷಧವನ್ನು ಮೂರು ದಿನಕ್ಕೇ ನಿಲ್ಲಿಸುವುದು. ಅದು ಮಿತವ್ಯಯವಲ್ಲ, ಸ್ವಹಿಂಸೆ. ಮನೆಯ ಹಿರಿಯರು ಮಕ್ಕಳಿಗೆ ಹೊರೆಯಾಗಬಾರದೆಂದು ಗುಟ್ಟಾಗಿ ಹೀಗೆ ಮಾಡುವುದುಂಟು. ಮಕ್ಕಳು ಎಚ್ಚರದಿಂದಿರಬೇಕು.

ಈಗ ನಮ್ಮ ಬಸದಿಗಳ ಟ್ರಸ್ಟುಗಳಿಗೆ ಸಂಬಂಧಿಸಿದ ಮುಖ್ಯ ಪ್ರಶ್ನೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ದಾನಿಗಳ ಹಣದಿಂದ ಟ್ರಸ್ಟೊಂದು ವರ್ಷಕ್ಕೆ 2 ಲಕ್ಷ ರೂಪಾಯಿಯ ಔಷಧ ಕೊಂಡು ಬಡವರಿಗೆ ಹಂಚುತ್ತದೆ ಎನ್ನೋಣ. ಬಿಲ್ಲು ಬರೆಸುವವರು ಅಂಗಡಿಯಲ್ಲಿ ತಮ್ಮ ದೂರವಾಣಿ ಸಂಖ್ಯೆಯನ್ನು ಕೊಡುತ್ತಾರೆ. ನೂರಕ್ಕೆ ಮೂರರಂತೆ ಅಂಕ ಬಂದರೂ ವರ್ಷಕ್ಕೆ 6,000 ರೂಪಾಯಿಯ ಬೆಲೆಯಾಯಿತು. ಅದು ಯಾರದು?

ಅಂಗಡಿಯವನು ಆ ಸಂಖ್ಯೆಯವನಿಗೇ ಕೊಟ್ಟನಲ್ಲವೇ, ಕೊಟ್ಟದ್ದನ್ನು ತೆಗೆದುಕೊಂಡರೆ ಅದತ್ತಾದಾನ ಹೇಗಾದೀತು ಎಂದು ವಾದಿಸಬಹುದು. ವಾದವು ಮೇಲ್ನೋಟಕ್ಕೆ ಸರಿ. ಆದರೆ ಅಂಗಡಿಯವನು ಕೊಟ್ಟದ್ದು ವ್ಯಕ್ತಿಯ ಮುಖ ನೋಡಿ ಅಲ್ಲ, ಖರೀದಿಯನ್ನು ನೋಡಿ. ಖರೀದಿಯು ಟ್ರಸ್ಟಿನ ಹಣದಿಂದಾಯಿತು. ಆ ಹಣವನ್ನು ದಾನಿಯು ರೋಗಿಗಾಗಿ ಕೊಟ್ಟನು. ಮರ ಯಾರದೋ ಫಲವೂ ಅವರದೇ. ಸಂಬಳವಿಲ್ಲದೆ ಸೇವೆ ಮಾಡುವವರಿಗೆ ಇಷ್ಟೂ ಸಲ್ಲದೇ ಎಂಬ ಇನ್ನೊಂದು ಮಾತಿದೆ. ಸಲ್ಲಬಹುದು, ಅವರ ಓಡಾಟದ ಖರ್ಚು ನಿಜವಾದದ್ದೇ. ಆದರೆ ಅದನ್ನು ಟ್ರಸ್ಟು ಸಭೆಯಲ್ಲಿ ನಿರ್ಣಯಿಸಿ ಪುಸ್ತಕದಲ್ಲಿ ಬರೆದು ಕೊಡಲಿ. ಬೆಳಕಿನಲ್ಲಿ ಕೊಟ್ಟ 6,000 ಗೌರವಧನವಾಗುತ್ತದೆ; ಅದೇ ಮೊತ್ತ ಕತ್ತಲಲ್ಲಿ ಸೇರಿಕೊಂಡರೆ ಅಚೌರ್ಯಕ್ಕೆ ಭಂಗ. ತಿಂಗಳಿಗೆ 500 ರೂಪಾಯಿಯ ಮಾತ್ರೆ ಬೇಕಾದ ಒಬ್ಬ ವೃದ್ಧೆಗೆ ಆ ಹಣ ಒಂದು ವರ್ಷದ ಔಷಧವೆಂಬುದನ್ನು ಮರೆಯಬಾರದು.

ಪರಿಹಾರ ಕಠಿಣವಲ್ಲ. ಟ್ರಸ್ಟಿನ ಹೆಸರಿನಲ್ಲಿಯೇ ಒಂದು ದೂರವಾಣಿ ಸಂಖ್ಯೆ ಇರಲಿ. ಬಂದ ಅಂಕಗಳನ್ನು ಜಮಾಖರ್ಚಿನಲ್ಲಿ ಒಂದು ಸಾಲಾಗಿ ಬರೆಯಲಿ. ಅಂಕಗಳಿಗೆ ಬದಲಾಗಿ ಬಿಲ್ಲಿನಲ್ಲೇ ಕಡಿತ ಮಾಡಿಕೊಡುವಂತೆ ಕೇಳಿದರೆ ಇನ್ನೂ ಒಳಿತು. ಕ್ಯಾಪ್ಸೂಲುಗಳ ವಿಷಯದಲ್ಲಿ ಮೊದಲೇ ವಿಚಾರಿಸಲಿ. ಜೆಲಟಿನ್ ಪ್ರಾಣಿಗಳ ಎಲುಬು, ಚರ್ಮಗಳಿಂದ ಬರುವಂಥದು, ಆಹಾರದ ಪೊಟ್ಟಣದಂತೆ ಔಷಧದ ಮೇಲೆ ಹಸಿರು ಚಿಹ್ನೆ ಕಡ್ಡಾಯವಿಲ್ಲ. ಮಾತ್ರೆಯಾಗಿಯೋ ಸಸ್ಯಮೂಲದ ಕವಚದಲ್ಲಿಯೋ ದೊರೆಯುವಾಗ ನಾಲ್ಕು ರೂಪಾಯಿ ಹೆಚ್ಚಾದರೂ ಅದನ್ನೇ ಆರಿಸಲಿ. ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದ ಪರಂಪರೆ ನಮ್ಮದು.

ಕೂಪನ್ನಿಗಾಗಿ ಹೆಚ್ಚು ಕೊಂಡು, ಅವಧಿ ಮುಗಿಯುವ ಹೊತ್ತಿಗೆ ಬಸದಿಗೆ ತಂದು ಕೊಡುವ ಪದ್ಧತಿಯೂ ನಿಲ್ಲಬೇಕು. ಮನೆಯ ಕಪಾಟನ್ನು ಬರಿದುಮಾಡುವುದು ದಾನವಲ್ಲ. ಔಷಧದಾನಕ್ಕೆ ಆಚಾರ್ಯರು ದೃಷ್ಟಾಂತವಾಗಿ ಹೇಳುವ ವೃಷಭಸೇನೆಯ ಹೆಸರು ಉಳಿದದ್ದು ಮಿಕ್ಕುದನ್ನು ಕೊಟ್ಟು ಅಲ್ಲ. ಉಳಿಸಿದ ಹಣದಲ್ಲಿ ಒಂದು ಪಾಲನ್ನು, ರೋಗಿಗೆ ಬೇಕಾದ ಔಷಧಕ್ಕೆ, ಬೇಕಾದ ಸಮಯದಲ್ಲಿ ಕೊಟ್ಟರೆ ಆಗ ಉಳಿತಾಯವೂ ಧರ್ಮವಾಗುತ್ತದೆ. ಈ ಚಾತುರ್ಮಾಸದಲ್ಲಿ ಪ್ರತಿಯೊಂದು ಟ್ರಸ್ಟೂ ತನ್ನ ಔಷಧದ ಬಿಲ್ಲುಗಳು ಯಾರ ಸಂಖ್ಯೆಗೆ ಜಮಾ ಆಗಿವೆಯೆಂದು ಒಮ್ಮೆ ತೆಗೆದು ನೋಡಲಿ ಎಂದು ವಿನಂತಿಸುತ್ತೇನೆ.