ತಲೆಗೆ ಬಂದದ್ದು ಮುಂಡಾಸಿಗೆ

ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಗಂಡಾಂತರವೊಂದು ಕೂದಲೆಳೆಯಲ್ಲಿ ತಪ್ಪಿದಾಗ ಈ ಮಾತನ್ನಾಡಿ, ದೇವರಿಗೊಂದು ಕಾಯಿ ಒಡೆಸಿ ಸುಮ್ಮನಾಗುತ್ತೇವೆ. ಅದು ಬಂದದ್ದು ಎಲ್ಲಿಂದ, ನಾಳೆ ಇನ್ನೊಬ್ಬರ ತಲೆಗೆ ಬಂದೀತೇ ಎಂದು ಕೇಳುವುದಿಲ್ಲ. ಆದ ಅನಾಹುತಕ್ಕೆ ಹೊಣೆಗಾರರನ್ನು ಹುಡುಕುವುದು ಎಲ್ಲರಿಗೂ ಗೊತ್ತು. ಆಗದೆ ಹೋದ ಅನಾಹುತದ ಬಗ್ಗೆಯೂ ನಮಗೊಂದು ಹೊಣೆಯಿದೆಯೇ?

ಊರಿಗೆ ಹೋಗಲು ರೈಲಿನಲ್ಲಿ ಎರಡು ರಾತ್ರಿ ಕಳೆಯುವ ದೆಹಲಿ ಕನ್ನಡಿಗರಾದ ನಾವು, ರಜೆ ಕಡಿಮೆಯಿದ್ದಾಗ ವಿಮಾನವನ್ನೇ ಹತ್ತುತ್ತೇವೆ. ಹಾಗಾಗಿ ಉದಾಹರಣೆಯನ್ನು ಬೆಂಗಳೂರಿನಿಂದಲೇ ತೆಗೆದುಕೊಳ್ಳೋಣ. ಅಲ್ಲಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಮಾನಾಂತರವಾಗಿ ಎರಡು ರನ್‌ವೇಗಳಿವೆ. 2022ರ ಜನವರಿಯ ಒಂದು ಬೆಳಿಗ್ಗೆ ಉತ್ತರದ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ನಡುವೆ, ದಕ್ಷಿಣದ್ದನ್ನು ಮುಚ್ಚಿ ಏರುವುದು ಇಳಿಯುವುದು ಎರಡನ್ನೂ ಉತ್ತರದಲ್ಲೇ ನಡೆಸಬೇಕೆಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದರು. ಆ ತೀರ್ಮಾನ ದಕ್ಷಿಣದ ರನ್‌ವೇ ನೋಡಿಕೊಳ್ಳುತ್ತಿದ್ದ ನಿಯಂತ್ರಕರಿಗೆ ತಲುಪಲಿಲ್ಲ. ಕೊಲ್ಕತ್ತಕ್ಕೆ ಹೊರಟ ವಿಮಾನ ಒಂದು ರನ್‌ವೇಯಿಂದ, ಭುವನೇಶ್ವರಕ್ಕೆ ಹೊರಟದ್ದು ಇನ್ನೊಂದರಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೆದ್ದು ಒಂದರತ್ತ ಒಂದು ಸಾಗತೊಡಗಿದವು. ರಾಡಾರಿನ ಮುಂದೆ ಕುಳಿತಿದ್ದ ನಿಯಂತ್ರಕರು ಅದನ್ನು ಕಂಡು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ನಾಲ್ಕು ನೂರಕ್ಕೂ ಹೆಚ್ಚು ಜೀವಗಳು ಉಳಿದವು.

ಇಷ್ಟೇ ಆಗಿದ್ದರೆ ನಾವೂ ಗಾದೆ ಹೇಳಿ ಸುಮ್ಮನಾಗುತ್ತಿದ್ದೆವು. ಆದರೆ ಈ ಘಟನೆ ಯಾವ ದಾಖಲೆ ಪುಸ್ತಕದಲ್ಲಿಯೂ ನಮೂದಾಗಿರಲಿಲ್ಲ, ಮೇಲಕ್ಕೆ ವರದಿಯೂ ಹೋಗಿರಲಿಲ್ಲ ಎಂದು ಆಮೇಲೆ ತಿಳಿದುಬಂತು.

ಹೊರಗಿನವರಿಗೆ ಇದು ಆಶ್ಚರ್ಯವೆನಿಸಬಹುದು. ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನಮಗೆ ಆಶ್ಚರ್ಯವಾಗಲಿಲ್ಲ. ಒಮ್ಮೆ ಒಂದೇ ಹೆಸರಿನ ಇಬ್ಬರು ನಿವೃತ್ತ ನೌಕರರಲ್ಲಿ ಒಬ್ಬರು ತೀರಿಕೊಂಡರು. ಅವರ ಪಿಂಚಣಿ ನಿಲ್ಲಿಸುವ ಆದೇಶದಲ್ಲಿ ನಾವು ಬದುಕಿರುವವರ ನಂಬರನ್ನು ಬರೆದಿದ್ದೆವು. ರವಾನೆ ವಿಭಾಗದ ಸಹೋದ್ಯೋಗಿಯೊಬ್ಬರು ಕೊನೆಯ ಗಳಿಗೆಯಲ್ಲಿ ಕಂಡುಹಿಡಿದರು. ಕಾಗದ ಹರಿದುಹಾಕಿ, ಬೇರೆ ಟೈಪು ಮಾಡಿ, ಅವರಿಗೊಂದು ಚಹಾ ಕುಡಿಸಿದೆವು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮೆಮೊ ಬರುತ್ತಿತ್ತು. ಮೂರು ತಿಂಗಳ ಮೇಲೆ ಪಕ್ಕದ ಮೇಜಿನಿಂದ ಅಂಥದೇ ತಪ್ಪು ಆದೇಶ ಹೊರಟೇಹೋಯಿತು. ಕೋಲೂರಿಕೊಂಡು ಬಂದ ಮುದುಕರೊಬ್ಬರು ತಾವು ಬದುಕಿದ್ದೇವೆಂದು ರುಜುವಾತು ಮಾಡಲು ಇಡೀ ಮಧ್ಯಾಹ್ನ ನಮ್ಮೆದುರಿನ ಬೆಂಚಿನ ಮೇಲೆ ಕುಳಿತಿದ್ದರು. ಎರಡು ತಿಂಗಳು ಅವರಿಗೆ ಪಿಂಚಣಿ ಬಂದಿರಲಿಲ್ಲ. ಆ ತಪ್ಪು ನಮ್ಮದಲ್ಲ; ಆದರೆ ಆ ಮೌನ ನಮ್ಮದು.

ಹಾಗಾದರೆ ತಪ್ಪು ಮಾಡಿದವರಿಗೆ ಶಿಕ್ಷೆ ಬೇಡವೇ? ಪ್ರಶ್ನೆ ಸುಲಭವಲ್ಲ. 2001ರ ಜನವರಿ 31ರಂದು ಜಪಾನಿನ ಆಕಾಶದಲ್ಲಿ ಒಂದೇ ಕಂಪನಿಯ ಎರಡು ದೊಡ್ಡ ವಿಮಾನಗಳು ಎದುರುಬದುರಾದವು. ಒಂದರ ನಂಬರು 907, ಇನ್ನೊಂದರದು 958. ತರಬೇತಿಯಲ್ಲಿದ್ದ ನಿಯಂತ್ರಕರು 958ಕ್ಕೆ ಕೊಡಬೇಕಾಗಿದ್ದ ‘ಕೆಳಗಿಳಿಯಿರಿ’ ಎಂಬ ಸೂಚನೆಯನ್ನು 907ಕ್ಕೆ ಕೊಟ್ಟರು. ಕೊನೆಯ ಕ್ಷಣದಲ್ಲಿ ಪೈಲಟ್ ಕಣ್ಣಿಂದ ಕಂಡು ವಿಮಾನವನ್ನು ಥಟ್ಟನೆ ಕೆಳಕ್ಕೆ ದೂಡಿದ್ದರಿಂದ 677 ಮಂದಿ ಬದುಕಿದರು; ಆ ಹೊಡೆತಕ್ಕೆ ಸುಮಾರು ನೂರು ಜನರಿಗೆ ಗಾಯವಾಯಿತು. ನಿಯಂತ್ರಕರಿಬ್ಬರ ಮೇಲೆ ಮೊಕದ್ದಮೆ ನಡೆದು, 2010ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವರು ತಪ್ಪಿತಸ್ಥರೆಂಬ ತೀರ್ಪನ್ನು ಎತ್ತಿಹಿಡಿಯಿತು. ಗಾಯಗೊಂಡವರು ನ್ಯಾಯ ಕೇಳಬಾರದೆಂದು ನಾವು ಹೇಳಲಾರೆವು. ಆದರೆ ಆ ತೀರ್ಪನ್ನೋದಿದ ಇನ್ನೊಬ್ಬ ನಿಯಂತ್ರಕ ಕಲಿಯುವ ಪಾಠ ಯಾವುದು? ಎಚ್ಚರದಿಂದಿರು ಎಂಬುದೋ, ಬಾಯಿ ಮುಚ್ಚಿಕೊಂಡಿರು ಎಂಬುದೋ?

ಅಮೆರಿಕದವರು ಇದಕ್ಕೊಂದು ದಾರಿ ಕಂಡುಕೊಂಡರು, ಅದೂ ಬಹಳ ಬೆಲೆ ತೆತ್ತ ಮೇಲೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಸಮೀಪದ ಡಲ್ಲೆಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದ ವಿಮಾನವೊಂದು ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಆರು ವಾರಗಳ ಹಿಂದಷ್ಟೇ ಇನ್ನೊಂದು ಕಂಪನಿಯ ವಿಮಾನ ಇದೇ ರೀತಿ ತಪ್ಪು ತಿಳಿದು ಇಳಿದು, ಅದೇ ಬೆಟ್ಟದಿಂದ ಸ್ವಲ್ಪದರಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತು; ಸುದ್ದಿ ಉಳಿದವರಿಗೆ ಮುಟ್ಟಲಿಲ್ಲ. ಆ ಬಳಿಕ, 1976ರಲ್ಲಿ, ಹೊಸ ಏರ್ಪಾಡೊಂದು ಬಂತು. ಪೈಲಟ್ ಆಗಲಿ ನಿಯಂತ್ರಕರಾಗಲಿ ತಮ್ಮ ತಪ್ಪನ್ನು ತಾವೇ ಬರೆದು ನಾಸಾ ಸಂಸ್ಥೆಗೆ ಕಳಿಸಬಹುದು. ಅಲ್ಲಿ ಹೆಸರು ತೆಗೆದುಹಾಕಿ, ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ಹತ್ತು ದಿನದೊಳಗೆ ಬರೆದರೆ, ಅರಿಯದೆ ಆದ ತಪ್ಪಿಗೆ ದಂಡನೆಯಿಂದ ರಿಯಾಯಿತಿಯೂ ಉಂಟು. ಬೇಕೆಂದೇ ಮಾಡಿದ್ದಕ್ಕೆ ಈ ರಿಯಾಯಿತಿ ಇಲ್ಲ.

ಈ ಕೊನೆಯ ಮಾತು ಮುಖ್ಯ. ಕೈತಪ್ಪಿ ಆದದ್ದು ಬೇರೆ, ಉಡಾಫೆಯಿಂದ ಆದದ್ದು ಬೇರೆ. ಮೊದಲನೆಯದನ್ನು ಹೇಳಿಕೊಂಡವನನ್ನು ಕಾಪಾಡಬೇಕು. ಅದನ್ನು ಮುಚ್ಚಿಟ್ಟವನನ್ನು ಕೇಳಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಕಚೇರಿಯಲ್ಲಷ್ಟೇ ಅಲ್ಲ, ಮನೆಯಲ್ಲೂ. ಗ್ಯಾಸಿನ ಒಲೆ ಆರಿಸಲು ಮರೆತೆನೆಂದು ಮಗಳು ತಾನಾಗಿ ಬಂದು ಹೇಳಿದರೆ ನಮ್ಮ ಬಾಯಿಂದ ಮೊದಲು ಬರುವುದು ಬೈಗುಳ. ಮುಂದಿನ ಸಲ ಅವಳು ಹೇಳುವುದಿಲ್ಲ.

ಆಗದೆ ಹೋದ ಅನಾಹುತ ಒಂದು ಸಾಲವೆಂದೇ ನಮಗೆ ತೋರುತ್ತದೆ. ಉಳಿದ ತಲೆ ಅದನ್ನು ತೀರಿಸಬೇಕು, ಬಾಯಿ ಬಿಟ್ಟು ಹೇಳುವ ಮೂಲಕ. ಕೇಳುವವರು ತಾಳ್ಮೆಯಿಂದ ಕೇಳಬೇಕು. ಕಾಯಿ ಒಡೆಸುವುದು ಬೇಡವೆಂದಲ್ಲ. ಒಡೆಸಿ ಬಂದ ಮೇಲೆ ನಡೆದದ್ದನ್ನು ಪುಸ್ತಕದಲ್ಲಿ ಬರೆದಿಡೋಣ. ಪಕ್ಕದ ಮೇಜಿನವರು ಅದನ್ನು ಓದಿಯಾರು.